ನಾಲ್ಕು ವರ್ಷ ಕತ್ತಲಲ್ಲಿ ಬಳಸಿದ ಮೇಲೆ: ನನ್ನ ಕ್ಯಾಮೆರಾದ ನಾಯ್ಸ್ ಬಗ್ಗೆ

ಈ ಕ್ಯಾಮೆರಾ ನನ್ನ ಕೈಗೆ ಬಂದು ನಾಲ್ಕು ವರ್ಷ ಆಯಿತು. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಸೆನ್ಸರ್ (ಬೆಳಕು ಹಿಡಿಯುವ ಭಾಗ, ಫುಲ್ ಫ್ರೇಮ್‌ಗಿಂತ ಚಿಕ್ಕದು) ಇರುವ, ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್. ಹಗಲಿನ ಫೋಟೋ ಬಗ್ಗೆ ನಾನು ಬರೆಯುವುದಿಲ್ಲ, ಒಳ್ಳೆ ಬಿಸಿಲಿದ್ದರೆ ಈಗಿನ ಯಾವ ಕ್ಯಾಮೆರಾ ಆದರೂ ಚೆನ್ನಾಗಿಯೇ ತೆಗೆಯುತ್ತದೆ. ನಾನು ಇದನ್ನು ಜಾಸ್ತಿ ಬಳಸಿದ್ದು ಕತ್ತಲಲ್ಲಿ. ಒಂದೇ ದೀಪ ಉರಿಯುವ ಕೋಣೆಯಲ್ಲಿ, ನಕ್ಷತ್ರಗಳ ಕೆಳಗೆ, ನಿಮಿಷಗಟ್ಟಲೆ ಶಟರ್ ತೆರೆದಿಟ್ಟು. ಹಾಗಾಗಿ ಬರೆಯುವುದೆಲ್ಲ ನಾಯ್ಸ್ ಬಗ್ಗೆಯೇ, ಅಂದರೆ ಫೋಟೋದಲ್ಲಿ ಬೇಡದೆ ಬರುವ ಮರಳಿನಂಥ ಕಣಗಳು, ಬಣ್ಣದ ಚುಕ್ಕೆಗಳ ಬಗ್ಗೆ.

ಮೊದಲ ವರ್ಷ ಐಎಸ್‌ಒ (ಸಿಕ್ಕ ಬೆಳಕನ್ನು ಎಷ್ಟು ಹಿಗ್ಗಿಸಿ ತೋರಿಸಬೇಕು ಅನ್ನುವ ಸೆಟ್ಟಿಂಗ್) ಏರಿಸಲು ಹೆದರುತ್ತಿದ್ದೆ. 800 ದಾಟಿದರೆ ಫೋಟೋ ಕೆಟ್ಟಿತು ಅಂತ ಎಲ್ಲೋ ಕೇಳಿದ್ದು ತಲೆಯಲ್ಲಿ ಕೂತಿತ್ತು. ತಂಗಿಯ ಮಗು ಟೇಬಲ್ ಲ್ಯಾಂಪಿನ ಬೆಳಕಲ್ಲಿ ಮಲಗಿದ್ದಾಗ 800ರಲ್ಲೇ ತೆಗೆದೆ. ಕಪ್ಪಾಗಿ ಬಂತು. ಆಮೇಲೆ ಕಂಪ್ಯೂಟರಿನಲ್ಲಿ ಬೆಳಕು ಏರಿಸಿದರೆ ಕೆನ್ನೆಯ ತುಂಬ ಮರಳು ಚೆಲ್ಲಿದ ಹಾಗೆ, ನೆರಳಿನಲ್ಲಿ ನೇರಳೆ, ಹಸಿರು ಮಚ್ಚೆಗಳು. ಕ್ಯಾಮೆರಾದ್ದೇ ತಪ್ಪು ಅಂದುಕೊಂಡೆ. ಆ ವಯಸ್ಸಿನ ಮಗುವಿನ ಫೋಟೋ ಮತ್ತೆ ತೆಗೆಯಲು ಆಗುತ್ತದಾ? ಅದು ಈಗಲೂ ಬೇಜಾರು.

ಆಮೇಲೊಂದು ಸಂಜೆ ಟ್ರೈಪಾಡ್ ಹಾಕಿ ಪರೀಕ್ಷೆ ಮಾಡಿದೆ. ಶಟರ್ 1/60, ಅಪರ್ಚರ್ (ಬೆಳಕು ಬರುವ ಲೆನ್ಸಿನ ಕಿಂಡಿ, ಎಫ್ ಅಂಕಿ ಚಿಕ್ಕದಾದಷ್ಟು ಅಗಲ) ಎಫ್ 2.8, ಎರಡೂ ಬದಲಿಸಲಿಲ್ಲ. ಒಂದು ಫೋಟೋ ಐಎಸ್‌ಒ 800ರಲ್ಲಿ, ಇನ್ನೊಂದು 3200ರಲ್ಲಿ. 800ರದ್ದನ್ನು ಕಂಪ್ಯೂಟರಿನಲ್ಲಿ ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು, ಏರಿಸಿ ಪಕ್ಕಪಕ್ಕ ಇಟ್ಟು ನೋಡಿದರೆ, 3200ರದ್ದೇ ನೆರಳಿನ ಜಾಗದಲ್ಲಿ ಸ್ವಚ್ಛವಾಗಿತ್ತು. ನಾನು ಎರಡು ಸಲ ಫೈಲ್ ಹೆಸರು ನೋಡಿ ಖಚಿತ ಮಾಡಿಕೊಂಡೆ.

ಕಾರಣ ಓದಿಕೊಂಡ ಮೇಲೆ ಅರ್ಥವಾಯಿತು. ಬೆಳಕು ಬರುವುದು ಫೋಟಾನ್ ಅನ್ನುವ ಕಣಕಣವಾಗಿ, ಮಳೆಹನಿ ಬಿದ್ದ ಹಾಗೆ. ಒಂದೇ ಬೆಳಕಿನಲ್ಲಿದ್ದರೂ ಪಕ್ಕಪಕ್ಕದ ಪಿಕ್ಸೆಲ್‌ಗಳಿಗೆ ಒಂದೇ ಲೆಕ್ಕದಲ್ಲಿ ಬೀಳುವುದಿಲ್ಲ. ಸರಾಸರಿ 100 ಫೋಟಾನ್ ಬಿದ್ದರೆ ಏರುಪೇರು ಸುಮಾರು 10, ಅಂದರೆ ನೂರಕ್ಕೆ ಹತ್ತು. 10,000 ಬಿದ್ದರೆ ಏರುಪೇರು 100, ಅಂದರೆ ನೂರಕ್ಕೆ ಒಂದೇ. ಐಎಸ್‌ಒ ಏರಿಸಿದರೆ ಒಂದು ಫೋಟಾನ್ ಕೂಡ ಜಾಸ್ತಿ ಬರುವುದಿಲ್ಲ, ಬಂದದ್ದನ್ನೇ ಹಿಗ್ಗಿಸಿ ತೋರಿಸುತ್ತದೆ ಅಷ್ಟೇ. ಬೆಳಕು ಕಡಿಮೆ ಬಿಟ್ಟವನು ನಾನು. ಜೊತೆಗೆ ಸೆನ್ಸರ್‌ನಿಂದ ಮಾಹಿತಿ ಓದುವಾಗಲೂ ಸ್ವಲ್ಪ ನಾಯ್ಸ್ ಸೇರುತ್ತದೆ, ಐಎಸ್‌ಒ ಏರಿಸಿದಾಗ ನನ್ನ ಕ್ಯಾಮೆರಾದಲ್ಲಿ ಅದರ ಪಾಲು ಕಡಿಮೆ ಕಾಣುತ್ತದೆ.

ಈಗ 3200 ನನಗೆ ಮಾಮೂಲು, ಬೇಕಾದರೆ 6400ಕ್ಕೂ ಹೋಗುತ್ತೇನೆ, ದೀಪದ ಸುತ್ತ ಬಿಳಿ ಸುಟ್ಟುಹೋಗದ ಹಾಗೆ ನೋಡಿಕೊಳ್ಳುತ್ತೇನೆ. ಎಫ್ 1.8ರ ಲೆನ್ಸ್ ತಗೊಂಡದ್ದು ಎಲ್ಲಕ್ಕಿಂತ ದೊಡ್ಡ ಲಾಭ. ಜೊತೆಗೆ ಬಂದ ಎಫ್ 3.5ರ ಲೆನ್ಸಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕು. ಫುಲ್ ಫ್ರೇಮ್‌ಗೆ (ಇದಕ್ಕಿಂತ ದೊಡ್ಡ ಸೆನ್ಸರ್ ಇರುವ ಕ್ಯಾಮೆರಾಗೆ) ಹೋಗಬೇಕಾ ಅಂತ ಕೇಳುವವರಿಗೆ ಮೊದಲು ಲೆನ್ಸ್ ನೋಡಿ ಅಂತಲೇ ಹೇಳುತ್ತೇನೆ.

ಇನ್ನು ಲಾಂಗ್ ಎಕ್ಸ್‌ಪೋಶರ್. ಅಂದರೆ ಶಟರ್ ತುಂಬಾ ಹೊತ್ತು ತೆರೆದಿಟ್ಟು ತೆಗೆಯುವುದು. ಅಲ್ಲಿ ತೊಂದರೆ ಬೇರೆ, ಶಾಖ. ಸೆನ್ಸರ್ ಮೇಲೆ ಬೆಳಕು ಬೀಳದಿದ್ದರೂ ಬಿಸಿಗೆ ಎಲೆಕ್ಟ್ರಾನ್‌ಗಳು ಸೋರಿ ಸೇರುತ್ತಾ ಹೋಗುತ್ತವೆ, ಸೆನ್ಸರ್ 6ರಿಂದ 8 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಈ ಸೋರಿಕೆ ಸುಮಾರು ಎರಡು ಪಟ್ಟು ಆಗುತ್ತದೆ. ಕೆಲವು ಪಿಕ್ಸೆಲ್‌ಗಳು ಉಳಿದವಕ್ಕಿಂತ ತುಂಬಾ ಜಾಸ್ತಿ ಸೋರುತ್ತವೆ, ಅವೇ ಕೆಂಪು, ನೀಲಿ, ಹಸಿರು ಚುಕ್ಕೆಗಳಾಗಿ ಕಾಣುವ ಹಾಟ್ ಪಿಕ್ಸೆಲ್‌ಗಳು. ಸೆಕೆಯ ರಾತ್ರಿ ನಾಲ್ಕು ನಿಮಿಷ ತೆರೆದಿಟ್ಟ ಫೋಟೋದಲ್ಲಿ ನಕ್ಷತ್ರ ಯಾವುದು, ಚುಕ್ಕೆ ಯಾವುದು ಅಂತ ಗೊತ್ತಾಗದಷ್ಟು ಬಂದಿದ್ದವು. ಅದೇ ಕ್ಯಾಮೆರಾ ಚಳಿಯಲ್ಲಿ ಎಷ್ಟೋ ಮೇಲು. ಮಿರರ್‌ಲೆಸ್‌ನಲ್ಲಿ ಪರದೆ ನೋಡುತ್ತಾ ಕೂತಷ್ಟು ಹೊತ್ತೂ ಸೆನ್ಸರ್ ಓಡುತ್ತಲೇ ಇರುತ್ತದೆ ಅಲ್ವಾ, ಅದಕ್ಕೆ ಫೋಕಸ್ ಆದ ಮೇಲೆ ಕೆಲವು ನಿಮಿಷ ಆಫ್ ಮಾಡಿಡುತ್ತೇನೆ. ಪರದೆಯನ್ನೂ ಬಾಡಿಯಿಂದ ಹೊರಗೆ ತಿರುಗಿಸಿ ಬಿಡುತ್ತೇನೆ.

ಮೆನುವಿನಲ್ಲಿ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಅಂತ ಇದೆ. ನಿಮ್ಮ ಫೋಟೋ ಮುಗಿದ ತಕ್ಷಣ ಶಟರ್ ಮುಚ್ಚಿಕೊಂಡು ಅಷ್ಟೇ ಹೊತ್ತು ಇನ್ನೊಂದು ಕತ್ತಲ ಫೋಟೋ ತೆಗೆದು, ಅದನ್ನು ಮೊದಲನೆಯದರಿಂದ ಕಳೆಯುತ್ತದೆ. ಚುಕ್ಕೆಗಳು ನಿಜಕ್ಕೂ ಹೋಗುತ್ತವೆ. ಆದರೆ ನಾಲ್ಕು ನಿಮಿಷದ ಫೋಟೋಗೆ ಎಂಟು ನಿಮಿಷ, ಮಧ್ಯೆ ಕ್ಯಾಮೆರಾ ಯಾವುದಕ್ಕೂ ಸಿಗುವುದಿಲ್ಲ, ಬ್ಯಾಟರಿಯೂ ಬೇಗ ಖಾಲಿ. ನಕ್ಷತ್ರಗಳ ಜಾಡು ತೆಗೆಯುವಾಗ ಇದನ್ನು ಆನ್ ಮಾಡಲೇಬೇಡಿ, ಗೆರೆಗಳು ತುಂಡುತುಂಡಾಗುತ್ತವೆ. ಇನ್ನೊಂದು ವಿಷಯ, ಇದು ಕಳೆಯುವುದು ಅದೇ ಜಾಗದಲ್ಲಿ ಕೂತ ಚುಕ್ಕೆಗಳನ್ನು ಮಾತ್ರ. ಮರಳಿನಂಥ ನಾಯ್ಸ್ ಕತ್ತಲ ಫೋಟೋದಲ್ಲೂ ಇರುವುದರಿಂದ ಅದು ಸ್ವಲ್ಪ ಹೆಚ್ಚೇ ಆಗುತ್ತದೆ.

ಹಾಗಾಗಿ ನಾನು ಅದನ್ನು ಆಫ್ ಮಾಡಿ, ಕೆಲಸ ಮುಗಿದ ಮೇಲೆ ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಐಎಸ್‌ಒ, ಅದೇ ಸಮಯ ಇಟ್ಟು ಹತ್ತು ಕತ್ತಲ ಫೋಟೋ ತೆಗೆಯುತ್ತೇನೆ. ಅವುಗಳ ಸರಾಸರಿ ಕಳೆದರೆ ಆ ಹೆಚ್ಚುವರಿ ನಾಯ್ಸ್ ತುಂಬಾ ಕಡಿಮೆ. ಹೊರಗಿನ ತಂಪು ಬದಲಾಗುವ ಮೊದಲೇ ಅಲ್ಲೇ ತೆಗೆಯಬೇಕು, ಮನೆಗೆ ಬಂದು ತೆಗೆದರೆ ಸರಿ ಹೊಂದುವುದಿಲ್ಲ. ಆಕಾಶಕ್ಕಾದರೆ ತುಂಬಾ ಹೊತ್ತಿನ ಒಂದು ಫೋಟೋ ಬದಲು ಕಡಿಮೆ ಹೊತ್ತಿನ 16 ಫೋಟೋ ತೆಗೆದು, ನಕ್ಷತ್ರಗಳನ್ನು ಹೊಂದಿಸಿ ಸರಾಸರಿ ಮಾಡುತ್ತೇನೆ. ಒಂದು ಫೋಟೋದಲ್ಲಿ ಇದ್ದ ನಾಯ್ಸ್ ಕಾಲು ಭಾಗಕ್ಕೆ ಇಳಿಯುತ್ತದೆ. ಆಕಾಶಗಂಗೆಯ ನಡುವಿನ ಕಪ್ಪು ಪಟ್ಟೆಗಳು ಮೊದಲ ಸಲ ಹಾಗೆ ಬಿಡಿಸಿ ಕಂಡಾಗ ತುಂಬಾ ಹೊತ್ತು ನೋಡುತ್ತಾ ಕೂತಿದ್ದೆ.

ಜೆಪೆಗ್‌ನಲ್ಲಿ ಕ್ಯಾಮೆರಾ ತಾನೇ ನಾಯ್ಸ್ ಒರೆಸುತ್ತದೆ, ಕೂದಲು, ಹುಲ್ಲು ಎಲ್ಲ ಮೇಣದ ಹಾಗೆ. ಕತ್ತಲಲ್ಲಿ ರಾ ಫೈಲ್ (ಹೀಗೆ ಒರೆಸದ, ಸೆನ್ಸರ್ ಕೊಟ್ಟ ಮೂಲ ಮಾಹಿತಿ) ಒಂದೇ ದಾರಿ.

ನಾಲ್ಕು ವರ್ಷದಲ್ಲಿ ಹಾಟ್ ಪಿಕ್ಸೆಲ್‌ಗಳು ಹೆಚ್ಚಾಗಿವೆ, ಇದು ಯಾವ ಸೆನ್ಸರ್‌ಗೂ ಆಗುವುದೇ. ಪಿಕ್ಸೆಲ್ ಮ್ಯಾಪಿಂಗ್ ಮಾಡಿದರೆ ಅಂಥವನ್ನು ಗುರುತಿಸಿ, ಪಕ್ಕದವುಗಳಿಂದ ತುಂಬಿಕೊಳ್ಳುತ್ತದೆ. ನನ್ನದರಲ್ಲಿ ಮೆನುವಿನಲ್ಲೇ ಇದೆ, ವರ್ಷಕ್ಕೆ ಎರಡು ಸಲ ಮಾಡುತ್ತೇನೆ, ಒಂದು ನಿಮಿಷವೂ ಹಿಡಿಯುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಮಾಡೆಲ್‌ನಲ್ಲಿ ಈ ಸೌಲಭ್ಯ ಇದೆಯಾ ಅಂತ ನೋಡಿಕೊಳ್ಳಿ, ಇಲ್ಲದಿದ್ದರೆ ಇದಕ್ಕೂ ಸರ್ವಿಸ್ ಸೆಂಟರ್‌ಗೆ ಕೊಡಬೇಕಾಗಬಹುದು.