ಟೂರ್ನಮೆಂಟ್ ಟೀಮಿಗೆ ಪೂರ್ತಿ ಫೀಸು ಕಟ್ಟುವ ಮುಂಚೆ ಇದನ್ನು ಓದಿ

ಮಗುವನ್ನು ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿನ ಟೂರ್ನಮೆಂಟ್ ಟೀಮಿಗೆ ಸೇರಿಸಬೇಕು ಅಂತ ಓಡಾಡುತ್ತಿರುವ ಅಪ್ಪ ಅಮ್ಮಂದಿರಿಗಾಗಿ ಬರೆಯುತ್ತಿದ್ದೇನೆ. ಆ ಟೀಮು ಎಷ್ಟು ಕಪ್ ಗೆದ್ದಿದೆ ಅಂತ ಕೇಳಬೇಡಿ. ಕಳೆದ ಸೀಸನ್ನಿನಲ್ಲಿ ಅದರ ಹನ್ನೆರಡು ಜನರ ಪಟ್ಟಿಯ ಕೊನೆಯ ಮೂವರು, ಅಂದರೆ ಹತ್ತನೇ, ಹನ್ನೊಂದನೇ, ಹನ್ನೆರಡನೇ ಆಟಗಾರರು ಎಷ್ಟು ನಿಮಿಷ ಆಡಿದರು ಅಂತ ಕೇಳಿ. ಆ ಪ್ರಶ್ನೆಗೆ ನೇರ ಉತ್ತರ ಬರದಿದ್ದರೆ ದುಡ್ಡು ಕಟ್ಟಬೇಡಿ.

ನನ್ನ ಮಗಳಿಗೆ ಆಗ ಹನ್ನೆರಡು ವರ್ಷ. ಆಯ್ಕೆ ಟ್ರಯಲ್ಸ್‌ನಲ್ಲಿ ಚೆನ್ನಾಗಿ ಆಡಿದಳು. ಎರಡೂ ಕೈಯಲ್ಲಿ ಡ್ರಿಬಲ್ ಮಾಡುತ್ತಾಳೆ, ಪಾಸ್ ಕೊಡುವುದಕ್ಕೆ ತಲೆ ಎತ್ತಿ ನೋಡುತ್ತಾಳೆ ಅಂತ ಕೋಚ್ ಎಲ್ಲರ ಮುಂದೆ ಹೊಗಳಿದರು. ಹೆಸರು ಪಟ್ಟಿಯಲ್ಲಿ ಬಂತು. ಇಡೀ ಸೀಸನ್ನಿನ ಫೀಸು ಒಂದೇ ಸಲಕ್ಕೆ ಕಟ್ಟಬೇಕಿತ್ತು, ಜರ್ಸಿ ಮತ್ತು ಪ್ರಯಾಣದ ಖರ್ಚು ಬೇರೆ. ಮಧ್ಯದಲ್ಲಿ ಬಿಟ್ಟರೆ ಹಣ ವಾಪಸ್ ಇಲ್ಲ ಅಂತ ಅರ್ಜಿಯಲ್ಲೇ ಇತ್ತು. ಎಲ್ಲರಿಗೂ ಆಡುವ ಅವಕಾಶ ಸಿಗುತ್ತದಾ ಅಂತ ಕೇಳಿದೆ. "ಖಂಡಿತ ಮೇಡಂ, ಇಷ್ಟು ಮಕ್ಕಳನ್ನು ತಗೊಂಡಿರೋದೇ ಅದಕ್ಕೆ" ಅಂದರು. ಅದನ್ನೇ ಒಂದು ಸಾಲು ಬರೆದು ಕೊಡಿ ಅಂದಾಗ, ಆಟ ಅಂದ ಮೇಲೆ ಇದನ್ನೆಲ್ಲ ಬರೆದು ಕೊಡೋಕಾಗಲ್ಲ ಅಂದರು.

ಪ್ರಾಕ್ಟೀಸ್ ಶುರುವಾಯಿತು. ಆ ದಿನಗಳ ಬಗ್ಗೆ ನನ್ನ ದೂರಿಲ್ಲ. ಮಕ್ಕಳು ಬೆವರು ಸುರಿಸಿದರು, ಕಲಿತರು, ಗೆಳತಿಯರಾದರು.

ಮೊದಲ ಟೂರ್ನಮೆಂಟಿಗೆ ಹೋದಾಗ ವಾರ್ಮಪ್‌ನಲ್ಲಿ ನಮ್ಮದೇ ಜರ್ಸಿ ಹಾಕಿಕೊಂಡು ಗುರುತೇ ಇಲ್ಲದ ಮೂವರು ಹುಡುಗಿಯರು ನಿಂತಿದ್ದರು. ಎತ್ತರದ, ಗಟ್ಟಿಮುಟ್ಟಾದ ಹುಡುಗಿಯರು. ಪ್ರಾಕ್ಟೀಸಿಗೆ ಒಂದು ದಿನವೂ ಬಂದವರಲ್ಲ. ಬೇರೆ ಕಡೆ ಆಡುವವರು, ಟೂರ್ನಮೆಂಟಿಗೆ ಮಾತ್ರ ಕರೆಸಿದವರು. ಇವರನ್ನು "ಗೆಸ್ಟ್ ಪ್ಲೇಯರ್" ಅನ್ನುತ್ತಾರೆ. ಮೂವರೂ ಆರಂಭದ ಐವರಲ್ಲಿ ಇದ್ದರು. ಉಳಿದ ಎರಡು ಜಾಗದಲ್ಲಿ ಒಂದು ಸಹಾಯಕ ಕೋಚ್ ಮಗಳಿಗೆ, ಇನ್ನೊಂದು ಟೀಮ್ ಮ್ಯಾನೇಜರ್ ಅಂತ ಓಡಾಡುತ್ತಿದ್ದ ಒಬ್ಬ ಅಪ್ಪನ ಮಗಳಿಗೆ. ನನ್ನ ಮಗಳೂ ಅವಳ ಜೊತೆ ವಾರಗಟ್ಟಲೆ ಬೆವರು ಹರಿಸಿದ ಮಕ್ಕಳೂ ಬೆಂಚಿನಲ್ಲಿ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಿ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫೀಬಾದ ನಿಯಮದಲ್ಲಿ ಪಂದ್ಯ ಅಂದರೆ 10 ನಿಮಿಷದ ನಾಲ್ಕು ಕ್ವಾರ್ಟರ್, ಒಟ್ಟು 40 ನಿಮಿಷ. ಕೋರ್ಟಿನಲ್ಲಿ ಐದು ಜನ. ಅಂದರೆ ಒಂದು ಟೀಮಿಗೆ ಹಂಚಲು ಇರುವುದು 200 ನಿಮಿಷ. ಹನ್ನೆರಡು ಮಕ್ಕಳಿಗೆ ಸಮನಾಗಿ ಹಂಚಿದರೆ ತಲಾ ಹದಿನಾರು ನಿಮಿಷದ ಮೇಲೆ ಸಿಗುತ್ತದೆ. ಮಕ್ಕಳ ಟೂರ್ನಮೆಂಟುಗಳಲ್ಲಿ ಬಹಳ ಕಡೆ ಪಂದ್ಯ ಇನ್ನೂ ಚಿಕ್ಕದು, ಗಡಿಯಾರವನ್ನೂ ನಿಲ್ಲಿಸುವುದಿಲ್ಲ. 15 ನಿಮಿಷದ ಎರಡು ಅರ್ಧ ಅಂದುಕೊಂಡರೆ ಹಂಚಲು ಇರುವುದು 150 ನಿಮಿಷ ಮಾತ್ರ. ಹೊರಗಿನ ಮೂವರು ಪೂರ್ತಿ ಆಡಿದರೆ 90 ನಿಮಿಷ ಅಲ್ಲೇ ಹೋಯಿತು. ಕೋಚಿಗೆ ಬೇಕಾದ ಇಬ್ಬರು ಪೂರ್ತಿ ಆಡಿದರೆ ಉಳಿಯುವುದು ಸೊನ್ನೆ. ಪಟ್ಟಿಯಲ್ಲಿ ಹೆಸರಿರುವುದು ಬೇರೆ, ಆಟ ಸಿಗುವುದು ಬೇರೆ ಅಂತ ಅವತ್ತು ಕಣ್ಣಾರೆ ಕಂಡೆವು.

ಇನ್ನೊಂದು ವಿಷಯ. ಫೀಬಾ ಮಾದರಿಯ ಸ್ಕೋರ್‌ಶೀಟಿನಲ್ಲಿ ಕೋರ್ಟಿಗೆ ಇಳಿದ ಆಟಗಾರರ ಹೆಸರಿನ ಮುಂದೆ ಗುಣಾಕಾರದ ಗುರುತು ಹಾಕುತ್ತಾರೆ. ಎಷ್ಟು ಹೊತ್ತು ಆಡಿದರು ಅಂತ ಅದರಲ್ಲಿ ಇರುವುದಿಲ್ಲ. ಇಪ್ಪತ್ತು ಪಾಯಿಂಟ್ ಮುಂದಿರುವಾಗ ಕೊನೆಯ ಒಂದು ನಿಮಿಷಕ್ಕೆ ಮಗುವನ್ನು ಇಳಿಸಿದರೂ ಗುರುತು ಬೀಳುತ್ತದೆ. ಆಮೇಲೆ ನೀವು ಕೇಳಿದರೆ "ನೋಡಿ, ಎಲ್ಲಾ ಮ್ಯಾಚಿನಲ್ಲೂ ಆಡಿಸಿದ್ದೀವಿ" ಅಂತ ಅದನ್ನೇ ತೋರಿಸುತ್ತಾರೆ. ನಮಗೆ ಹಾಗೇ ತೋರಿಸಿದರು.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ನಿಜವಾಗಿ ನನ್ನನ್ನು ಸುಟ್ಟದ್ದು ಇದೇ. ಟೂರ್ನಮೆಂಟಿಗೆ ಮಾತ್ರ ಬಂದ ಆ ಹುಡುಗಿಯರ ಮನೆಯವರು ಫೀಸು ಕಟ್ಟಿರಲಿಲ್ಲ. ಅವರಲ್ಲಿ ಒಬ್ಬಳ ತಾಯಿಯೇ ನನ್ನ ಪಕ್ಕ ಕೂತು, ಏನೂ ಮುಚ್ಚಿಡದೆ ಹೇಳಿದರು. ಪ್ರವೇಶ ಶುಲ್ಕ, ಪ್ರಯಾಣ, ಕೋಚ್ ಖರ್ಚು ಎಲ್ಲ ಬಂದದ್ದು ನಾವು ಕಟ್ಟಿದ ಹಣದಿಂದ. ಅಂದರೆ ಬೆಂಚಿನಲ್ಲಿ ಕೂತ ಮಕ್ಕಳ ಅಪ್ಪ ಅಮ್ಮನ ದುಡ್ಡಿನಲ್ಲಿ ಟೀಮು ಕಪ್ ಗೆಲ್ಲುತ್ತದೆ. ಆ ಕಪ್ ತೋರಿಸಿ ಮುಂದಿನ ವರ್ಷ ಇನ್ನಷ್ಟು ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. ಪಟ್ಟಿಯಲ್ಲಿ ಹನ್ನೆರಡು ಹೆಸರು ಯಾಕೆ ಬೇಕು ಅಂತ ಆಗ ಅರ್ಥವಾಯಿತು. ಆ ಹುಡುಗಿಯರ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಆಡು ಅಂದರು, ಆಡಿದರು. ಅವರೂ ಮಕ್ಕಳೇ ಅಲ್ವಾ.

ರಾಜಕೀಯ ಬೆಳೆಯುವುದು ಕೋರ್ಟಿನಲ್ಲಿ ಅಲ್ಲ, ಹೊರಗೆ ಕುರ್ಚಿ ಹಾಕಿಕೊಂಡು ಕೂರುವ ನಮ್ಮಂಥವರ ಮಧ್ಯೆ. ಟೀಮಿಗೆ ವಾಹನ ಏರ್ಪಾಡು ಮಾಡುವವರು, ಕೋಚ್ ಜೊತೆ ಸಂಜೆ ಫೋನಿನಲ್ಲಿ ಮಾತಾಡುವವರು, ಚಂದಾ ಎತ್ತಿ ಕೊಡುವವರು ಒಂದು ಗುಂಪು. ಅವರ ಮಕ್ಕಳು ಎರಡು ಸಲ ಬಾಲ್ ಕಳೆದುಕೊಂಡರೆ "ಪರವಾಗಿಲ್ಲ, ಮುಂದೆ ನೋಡು". ಉಳಿದ ಮಕ್ಕಳು ಒಂದು ಸಲ ಕಳೆದುಕೊಂಡರೆ ಸಬ್, ಅಂದರೆ ಹೊರಗೆ ಕರೆದು ಬೇರೆಯವರನ್ನು ಇಳಿಸುತ್ತಾರೆ. ನನ್ನ ಮಗಳು ಒಂದು ಪಂದ್ಯದಲ್ಲಿ ಒಳಗೆ ಹೋಗಿ ಮೊದಲ ಪಾಸೇ ಎದುರಾಳಿಯ ಕೈ ಸೇರಿತು. ವಾಪಸ್ ಓಡಿ ಡಿಫೆನ್ಸಿಗೆ ನಿಂತಳು, ಆಟ ನಿಂತ ಕೂಡಲೇ ಸಬ್ ಬಜರ್ ಆಯಿತು. ಆಮೇಲೆ ಅವಳು ಆಡುವಾಗ ಬುಟ್ಟಿ ನೋಡುವುದನ್ನು ಬಿಟ್ಟು ಕೋಚ್ ಮುಖ ನೋಡಲು ಶುರು ಮಾಡಿದಳು. ತಪ್ಪಾದೀತು ಅಂತ ಬಾಲ್ ಕೈಗೆ ಬಂದ ಕೂಡಲೇ ಪಕ್ಕದವಳಿಗೆ ಕೊಟ್ಟುಬಿಡುತ್ತಿದ್ದಳು. ತಲೆ ಎತ್ತಿ ನೋಡಿ ಪಾಸ್ ಕೊಡುತ್ತಾಳೆ ಅಂತ ಹೊಗಳಿಸಿಕೊಂಡ ಹುಡುಗಿ ಅವಳು.

ಟೀಮಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಅಪ್ಪ ಬಹಳ ಮರ್ಯಾದೆಯಿಂದಲೇ ಈ ಪ್ರಶ್ನೆ ಎತ್ತಿದರು. ಮುಂದಿನ ಟೂರ್ನಮೆಂಟಿನಲ್ಲಿ ಅವರ ಮಗಳು ಒಂದು ನಿಮಿಷವೂ ಆಡಲಿಲ್ಲ. ಅದಾದ ಮೇಲೆ ಯಾರೂ ಬಾಯಿ ಬಿಡಲಿಲ್ಲ. ಹೊರಗಿನವರು "ನೀವೆಲ್ಲ ಯಾಕೆ ಸುಮ್ನಿದ್ರಿ" ಅಂತ ಕೇಳುತ್ತಾರೆ. ದೂರು ಹೇಳುವುದು ದೊಡ್ಡವರು, ಅದರ ಏಟು ಬೀಳುವುದು ಮಗುವಿಗೆ. ಅದಕ್ಕೇ ಸುಮ್ಮನಿರುತ್ತಾರೆ.

ಮೈಗೆ ಆಗುವ ತೊಂದರೆಯನ್ನೂ ಹೇಳಲೇಬೇಕು. ವಾರಾಂತ್ಯದ ಟೂರ್ನಮೆಂಟುಗಳಲ್ಲಿ ಒಂದೇ ದಿನ ಎರಡು ಮೂರು ಪಂದ್ಯ ಇರುತ್ತವೆ. ಬೆಳಿಗ್ಗೆ ಲೀಗ್, ಸಂಜೆ ನಾಕೌಟ್. ಕೆಲವು ಮಕ್ಕಳಿಗೆ ಆಟವೇ ಇಲ್ಲ, ಕೆಲವರಿಗೆ ಉಸಿರಾಡುವುದಕ್ಕೂ ಬಿಡುವಿಲ್ಲ. ನಮ್ಮ ಟೀಮಿನ ಒಬ್ಬ ಹುಡುಗಿಗೆ ಮಂಡಿಚಿಪ್ಪಿನ ಕೆಳಗೆ ಗಂಟಿನಂತೆ ಊದಿ ನೋವು ಬಂದಿತ್ತು. ಬೆಳೆಯುವ ವಯಸ್ಸಿನಲ್ಲಿ ಜಾಸ್ತಿ ಓಡಿ ಜಿಗಿಯುವ ಮಕ್ಕಳಿಗೆ ಬರುವ ತೊಂದರೆ ಇದು. ವೈದ್ಯರು ಆಸ್ಗುಡ್ ಶ್ಲಾಟರ್ ಅನ್ನುತ್ತಾರೆ. ತೊಡೆಯ ಸ್ನಾಯು ಮಂಡಿಯ ಕೆಳಗಿನ ಎಲುಬಿಗೆ ಅಂಟುವ ಜಾಗದಲ್ಲಿ ಎಲುಬು ಇನ್ನೂ ಬಲಿತಿರುವುದಿಲ್ಲ, ಅಲ್ಲಿ ಪದೇ ಪದೇ ಎಳೆತ ಬಿದ್ದು ಊದುತ್ತದೆ. ಆಟ ಕಡಿಮೆ ಮಾಡಿದರೆ ಬಹುತೇಕ ಮಕ್ಕಳಿಗೆ ತಾನಾಗಿ ವಾಸಿಯಾಗುತ್ತದೆ. ಆದರೆ ಅವಳು ಟೀಮಿಗೆ ಬೇಕಾದವಳು. ಮಂಡಿಗೆ ಪಟ್ಟಿ ಸುತ್ತಿ ಫೈನಲ್ ಆಡಿಸಿದರು. ಅವಳ ಅಮ್ಮ ತಡೆಯಲಿಲ್ಲ. ಇವತ್ತು ಕೂರಿಸಿದರೆ ಜಾಗ ಹೋಗುತ್ತದೆ ಅನ್ನುವ ಭಯ. ಗೆದ್ದ ಮೇಲೆ ಆ ಹುಡುಗಿ ಮೆಟ್ಟಿಲು ಇಳಿಯಲಾರದೆ ಕಂಬಿ ಹಿಡಿದು ನಿಂತಿದ್ದಳು.

ಇದೆಲ್ಲ ನನ್ನ ಸ್ವಂತ ಅಭಿಪ್ರಾಯ ಅಂದುಕೊಳ್ಳಬೇಡಿ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ಮತ್ತು ಆ ದೇಶದ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಯುಎಸ್‌ಎ ಬ್ಯಾಸ್ಕೆಟ್‌ಬಾಲ್ ಸೇರಿ 2016ರಲ್ಲಿ ಮಕ್ಕಳ ಆಟಕ್ಕೆ ಮಾರ್ಗಸೂಚಿ ಪ್ರಕಟಿಸಿವೆ. ವಾರಕ್ಕೆ ಒಂದು ದಿನವಾದರೂ ಪೂರ್ತಿ ವಿಶ್ರಾಂತಿ ಬೇಕು, 14 ವರ್ಷದವರೆಗೆ ಮಗುವನ್ನು ಒಂದೇ ಆಟಕ್ಕೆ ಕಟ್ಟಿಹಾಕಬೇಡಿ ಅಂತ ಅದರಲ್ಲಿದೆ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಅದೇ ವರ್ಷ, ವರ್ಷದಲ್ಲಿ ಒಟ್ಟು ಮೂರು ತಿಂಗಳಾದರೂ ಆ ಆಟದಿಂದ ಬಿಡುವು ಕೊಡಿ ಅಂತ ಹೇಳಿದೆ. ಆಟವನ್ನೇ ವೃತ್ತಿ ಮಾಡಿಕೊಂಡವರ ಲೀಗ್ ಹೀಗೆ ಹೇಳುವಾಗ, ಹನ್ನೆರಡು ವರ್ಷದವರ ಟೀಮಿಗೆ ಅಷ್ಟು ಅವಸರ ಯಾಕೆ?

ಅವಸರ ಯಾಕೆಂದರೆ, ಈ ವಯಸ್ಸಿನಲ್ಲಿ ಎತ್ತರ ಇದ್ದರೆ ಗೆಲ್ಲಬಹುದು. ಬೇಗ ಬೆಳೆದ ಮಗುವನ್ನು ಬುಟ್ಟಿಯ ಕೆಳಗೆ ನಿಲ್ಲಿಸಿದರೆ ಗುರಿ ತಪ್ಪಿ ವಾಪಸ್ ಪುಟಿಯುವ ಬಾಲ್, ಅಂದರೆ ರೀಬೌಂಡ್, ಎಲ್ಲ ಅದಕ್ಕೇ. ಆಟ ಕಲಿಸಬೇಕಾಗಿಲ್ಲ. ಆ ಮಗುವಿಗೂ ಇದರಿಂದ ಮೋಸವೇ. ಡ್ರಿಬಲ್, ಹೊರಗಿನಿಂದ ಶಾಟ್ ಯಾವುದನ್ನೂ ಕಲಿಸದೆ ಬಿಡುತ್ತಾರೆ. ನಾಲ್ಕು ವರ್ಷ ಕಳೆದು ಉಳಿದವರೂ ಬೆಳೆದಾಗ ಅದರ ಕೈಯಲ್ಲಿ ಏನೂ ಇರುವುದಿಲ್ಲ. ಅಮೆರಿಕದ ಹೆಸರಾಂತ ಆಟಗಾರ ಆಂಥೊನಿ ಡೇವಿಸ್ ಹೈಸ್ಕೂಲಿನ ಮೊದಲ ವರ್ಷಗಳಲ್ಲಿ ಗಾರ್ಡ್, ಅಂದರೆ ಡ್ರಿಬಲ್ ಮಾಡಿ ಬಾಲ್ ಮುಂದೆ ತರುವ ಜಾಗದಲ್ಲಿ ಆಡುತ್ತಿದ್ದ ಹುಡುಗ. ಆಮೇಲೆ ಸುಮಾರು ಎಂಟು ಇಂಚು ಬೆಳೆದರು. ಹೊಸ ಆಟಗಾರರನ್ನು ಟೀಮುಗಳು ಸರದಿಯಲ್ಲಿ ಆರಿಸಿಕೊಳ್ಳುವ 2012ರ ಎನ್‌ಬಿಎ ಡ್ರಾಫ್ಟಿನಲ್ಲಿ ಮೊದಲನೆಯವರಾಗಿ ಆಯ್ಕೆಯಾದಾಗ ಅವರ ಬಳಿ ಎತ್ತರವೂ ಇತ್ತು, ಗಾರ್ಡ್ ಆಗಿ ಕಲಿತ ಕೈಚಳಕವೂ ಇತ್ತು. ಹನ್ನೆರಡು ವರ್ಷದವರಲ್ಲಿ ಯಾರು ಬೆಳೆಯುತ್ತಾರೆ ಅಂತ ಯಾವ ಕೋಚಿಗೂ ಗೊತ್ತಿಲ್ಲ. ಗೊತ್ತಿಲ್ಲದಿರುವಾಗ ಎಲ್ಲರಿಗೂ ಕಲಿಸಬೇಕು, ಎಲ್ಲರನ್ನೂ ಆಡಿಸಬೇಕು.

ಕೊನೆಗೆ ಸಮಯ ಕೇಳಿ ಕೋಚ್ ಜೊತೆ ಮಾತಾಡಿದೆ. ಮಗಳು ಏನು ಸುಧಾರಿಸಿಕೊಂಡರೆ ಜಾಸ್ತಿ ಆಡಿಸುತ್ತೀರಿ ಅಂತ ಒಂದೇ ಪ್ರಶ್ನೆ. ಉತ್ತರ ಬರಲಿಲ್ಲ. "ಬೇರೆ ಪೇರೆಂಟ್ಸ್ ಯಾರೂ ಕೇಳ್ತಿಲ್ಲವಲ್ಲ ಮೇಡಂ" ಅಂದರು. ನಾವು ಬಿಟ್ಟೆವು. ಹಣ ಬರಲಿಲ್ಲ. ಬೇರೆ ಕ್ಲಬ್ಬಿಗೆ ನೋಂದಾಯಿಸಲು ಬೇಕಾದ ಬಿಡುಗಡೆ ಪತ್ರವನ್ನೂ ಇವತ್ತು ನಾಳೆ ಅಂತ ಎಳೆದಾಡಿದರು. ಅಷ್ಟರಲ್ಲಿ ಮುಂದಿನ ಸೀಸನ್ನಿನ ನೋಂದಣಿ ಮುಗಿದುಹೋಗಿತ್ತು.

ಸೇರಿಸುವ ಮುಂಚೆ ಹೀಗೆ ಮಾಡಿ. ಆ ಟೀಮಿನ ಒಂದು ಪಂದ್ಯಕ್ಕೆ ಸುಮ್ನೆ ಹೋಗಿ ಕೂತು ಬೆಂಚನ್ನು ನೋಡಿ. ತಪ್ಪು ಮಾಡಿ ಹೊರಬಂದ ಮಗುವಿನ ಜೊತೆ ಕೋಚ್ ಮಾತಾಡುತ್ತಾರಾ, ಇಲ್ಲ ಬೆನ್ನು ತಿರುಗಿಸುತ್ತಾರಾ ಅಂತ ಗಮನಿಸಿ. ಹಿಂದಿನ ವರ್ಷ ಟೀಮು ಬಿಟ್ಟವರ ಮನೆಯವರನ್ನು ಹುಡುಕಿ ಮಾತಾಡಿಸಿ, ಈಗ ಇರುವವರು ನಿಜ ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲ. ಹೊರಗಿನ ಆಟಗಾರರನ್ನು ಕರೆಸುತ್ತೀರಾ, ಅವರು ಫೀಸು ಕಟ್ಟುತ್ತಾರಾ, ಪ್ರಾಕ್ಟೀಸಿಗೆ ಬರುತ್ತಾರಾ ಅಂತ ನೇರವಾಗಿ ಕೇಳಿ. ಫೀಸನ್ನು ಕಂತಿನಲ್ಲಿ ಕಟ್ಟುತ್ತೇನೆ ಅನ್ನಿ. ಗಾಯವಾದರೆ, ಬಿಟ್ಟರೆ ಎಷ್ಟು ವಾಪಸ್, ಬಿಡುಗಡೆ ಪತ್ರ ಎಷ್ಟು ದಿನದಲ್ಲಿ ಅನ್ನುವುದನ್ನು ಬರಹದಲ್ಲಿ ತಗೊಳ್ಳಿ. ಬರೆದು ಕೊಡಲ್ಲ ಅಂದರೆ ಅಲ್ಲಿಂದಲೇ ಎದ್ದು ಬನ್ನಿ.

ಈಗಾಗಲೇ ಇಂಥ ಟೀಮಿನಲ್ಲಿ ಸಿಕ್ಕಿಕೊಂಡಿದ್ದರೆ, ಪ್ರತಿ ಪಂದ್ಯದಲ್ಲೂ ಮಗು ಆಡಿದ ನಿಮಿಷಗಳನ್ನು ದಿನಾಂಕದ ಜೊತೆ ಬರೆದಿಟ್ಟುಕೊಳ್ಳಿ. ಗುಂಪಿನಲ್ಲಿ ಜಗಳ ಬೇಡ, ಪಂದ್ಯ ಮುಗಿದ ಬಿಸಿಯಲ್ಲೂ ಮಾತು ಬೇಡ. ಬೆಂಚಿನಲ್ಲಿರುವ ಬೇರೆ ಮಕ್ಕಳ ಮನೆಯವರನ್ನು ಜೊತೆಗೆ ಸೇರಿಸಿಕೊಂಡು ಒಟ್ಟಿಗೆ ಹೋಗಿ. ಒಬ್ಬರು ಕೇಳಿದರೆ ಒಂದು ಮಗುವನ್ನು ಕೂರಿಸಬಹುದು, ಏಳು ಮನೆಯವರು ಒಟ್ಟಿಗೆ ನಿಂತರೆ ಟೀಮೇ ನಡೆಯುವುದಿಲ್ಲ. ಮಂಡಿ, ಹಿಮ್ಮಡಿ ನೋವು ಅಂದರೆ ಫೈನಲ್ ಇರಲಿ ಏನೇ ಇರಲಿ, ಮೊದಲು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.