ನೆಲಮಹಡಿಯ ಓದುಕೋಣೆ: ಯಂತ್ರಗಳಿಗೆ ಎರಡು ಸ್ಟಾರ್, ಅಣ್ಣ-ಮೇಡಂಗೆ ಐದು

ವಿಶ್ವವಿದ್ಯಾಲಯದ ಹೆಸರು ಹಾಕುವುದಿಲ್ಲ. ಇಲ್ಲಿ ಬರುವ ಮೇಡಂ, ಅಣ್ಣ ಇಬ್ಬರೂ ಈ ಕೋಣೆಯ ಹೊರಗುತ್ತಿಗೆ ನೌಕರರು. ಅವರು ಮಾಡುವ ಅರ್ಧ ಕೆಲಸ ಅವರ ಕೆಲಸದ ಪಟ್ಟಿಯಲ್ಲೇ ಇಲ್ಲ. ನಾನು ಹೊಗಳಿ ಬರೆದದ್ದನ್ನು ಹಿಡಿದುಕೊಂಡೇ ಯಾರಾದರೂ ‘ಇದನ್ನೆಲ್ಲ ಯಾಕೆ ಮಾಡಿದಿರಿ’ ಎಂದು ಕೇಳಿದರೆ ಕಷ್ಟ. ನಮ್ಮಲ್ಲಿ ಓದಿದವರಿಗೆ ಯಾವ ಕೋಣೆ ಎಂದು ಗೊತ್ತಾಗಿಯೇ ಆಗುತ್ತದೆ.

ನಾನು ಕನ್ನಡ ಎಂ.ಎ. ಎರಡನೇ ವರ್ಷ. ಹುಟ್ಟಿನಿಂದ ಕಣ್ಣಿಲ್ಲ. ಊರು ಚಿತ್ರದುರ್ಗದ ಹತ್ತಿರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉನ್ನತ ಶಿಕ್ಷಣದಲ್ಲಿ ನಮ್ಮಂಥವರಿಗೆ ಕನಿಷ್ಠ ಶೇ 5ರಷ್ಟು ಸೀಟು ಇಡಬೇಕು ಎನ್ನುತ್ತದೆ. ಹಾಗಾಗಿ ಸೀಟು ಸಿಕ್ಕಿತು. ಪುಸ್ತಕ ಓದುವುದು ಹೇಗೆ ಅನ್ನುವುದು ಮಾತ್ರ ಗ್ರಂಥಾಲಯದ ನೆಲಮಹಡಿಯ ಈ ಕೋಣೆಗೆ ಬಿಟ್ಟ ಮಾತು.

ಕೋಣೆಯಲ್ಲಿ ನಾಲ್ಕು ಕಂಪ್ಯೂಟರ್, ಒಂದು ಸ್ಕ್ಯಾನರ್, ಒಂದು ಬ್ರೈಲ್ ಪ್ರಿಂಟರ್. ಪ್ರಿಂಟರಿನ ಮೇಲೆ ದಪ್ಪ ಬಟ್ಟೆ ಹೊದಿಸಿದ್ದಾರೆ. ನಾನು ಬಂದ ದಿನ ಮುಟ್ಟಿ ನೋಡಿದಾಗ ಬೆರಳಿಗೆ ಧೂಳು ಹತ್ತಿತು, ಮೊನ್ನೆ ಮುಟ್ಟಿದಾಗಲೂ ಹತ್ತಿತು. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಇದೆ. ತೆರೆಯ ಮೇಲಿನದನ್ನು ಓದಿ ಹೇಳುವ ಉಚಿತ ತಂತ್ರಾಂಶ ಅದು, ಆಸ್ಟ್ರೇಲಿಯಾದ ಇಬ್ಬರು ಅಂಧರು 2006ರಲ್ಲಿ ಶುರುಮಾಡಿದ್ದು. ಯೂನಿಕೋಡ್ ಕನ್ನಡ, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಇರುವ ಬರಹ, ಕೊಟ್ಟರೆ ಚೆನ್ನಾಗಿಯೇ ಓದುತ್ತದೆ. ಆದರೆ ನಮ್ಮ ವಿಭಾಗದಲ್ಲಿ ವರ್ಷಗಳಿಂದ ಕೂಡಿಟ್ಟ ನೋಟ್ಸೆಲ್ಲ ‘ನುಡಿ’ ಎಂಬ ಹಳೇ ಫಾಂಟಿನಲ್ಲಿದೆ. ಕಣ್ಣಿದ್ದವರಿಗೆ ಅಲ್ಲಿ ‘ಕನ್ನಡ’ ಎಂದು ಕಾಣುತ್ತದಂತೆ. ನಾನು ಅಕ್ಷರ ಬಿಡಿಸಿ ಕೇಳಿದರೆ ‘ಪಿ, ಎ ಗ್ರೇವ್, ಪೌಂಡ್’ ಎಂದು ಶುರುವಾಗುತ್ತದೆ. ಒಳಗಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳು, ಮೇಲೆ ಕನ್ನಡದ ವೇಷ. ಮೊದಲ ವಾರ ಕಂಪ್ಯೂಟರ್ ಕೆಟ್ಟಿದೆ ಎಂದೇ ತಿಳಿದಿದ್ದೆ.

ಕೆಟ್ಟಿಲ್ಲ ಎಂದು ಹೇಳಿದವರು ಮೇಡಂ. ಹುದ್ದೆ ಡೇಟಾ ಎಂಟ್ರಿ. ನುಡಿಯದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕವನ್ನು ತಾವೇ ಹುಡುಕಿ ಹಾಕಿಕೊಂಡಿದ್ದಾರೆ. ಅದು ಬಿಟ್ಟ ತಪ್ಪುಗಳನ್ನು ಕೂತು ತಿದ್ದುತ್ತಾರೆ. ಪುಸ್ತಕವಾದರೆ ಇನ್ನೂ ರಗಳೆ. ಒಂದೊಂದೇ ಪುಟ ಸ್ಕ್ಯಾನ್ ಆಗಬೇಕು, ಚಿತ್ರದಿಂದ ಅಕ್ಷರ ತೆಗೆಯಬೇಕು, ಆಮೇಲೆ ‘ಪ’ ಇದ್ದಲ್ಲಿ ‘ವ’ ಬಂದಿದೆಯೇ, ಒತ್ತಕ್ಷರ ಮುಂದಿನ ಸಾಲಿಗೆ ಜಾರಿದೆಯೇ ಎಂದು ನೋಡಬೇಕು. ಒಮ್ಮೆ ನನಗೆ ಬಂದ ಕಡತದಲ್ಲಿ ‘ಪರಮಾತ್ಮ’ ಪುಟದುದ್ದಕ್ಕೂ ‘ವರಮಾತ್ಮ’ ಆಗಿದ್ದ. ‘ಅಯ್ಯೋ, ನಿನ್ನೆ ತಲೆನೋವಿತ್ತು ಕಣೇ, ಬಿಟ್ಟುಹೋಗಿದೆ’ ಎಂದು ಮೇಡಂ ನಕ್ಕರು. ನಕ್ಕ ಮೇಲೆ ಇಡೀ ಕಡತ ಮತ್ತೆ ತಿದ್ದಿದರು. ವಾರಕ್ಕೆ ನಲವತ್ತು ಪುಟ ಅವರ ಮಿತಿ. ಪರೀಕ್ಷೆಯ ಹಿಂದಿನ ವಾರ ಹೋಗಿ ಇನ್ನೂರು ಪುಟ ಕೇಳಬೇಡಿ. ನಾನು ಕೇಳಿ ಬೈಸಿಕೊಂಡಿದ್ದೇನೆ.

ಸ್ಕ್ರೈಬ್, ಅಂದರೆ ಪರೀಕ್ಷೆಯಲ್ಲಿ ನಾವು ಹೇಳಿದ್ದನ್ನು ಬರೆದುಕೊಡುವವರ ವಿಷಯದಲ್ಲೂ ಮೇಡಮ್ಮೇ ಗತಿ. ಗಂಟೆಗೆ ಕನಿಷ್ಠ ಇಪ್ಪತ್ತು ನಿಮಿಷ ಹೆಚ್ಚಿಗೆ, ನಾವೇ ಕರೆತಂದ ಸ್ಕ್ರೈಬ್ ಆದರೆ ನಮಗಿಂತ ಒಂದು ಹಂತ ಕೆಳಗಿನ ಓದಿನವರು ಎಂದು ಆಗ ಇದ್ದ 2018ರ ಕೇಂದ್ರದ ಮಾರ್ಗಸೂಚಿ ಹೇಳುತ್ತಿತ್ತು. ಪರೀಕ್ಷಾ ವಿಭಾಗದ ಕೌಂಟರಿನಲ್ಲಿ ‘ಅದೆಲ್ಲ ನಮಗೆ ಬಂದಿಲ್ಲಮ್ಮ’ ಎಂದರು. ಮೇಡಂ ಅದರ ಪ್ರಿಂಟ್ ಹಿಡಿದು ನನ್ನ ಜೊತೆ ಮೂರು ಸಲ ಮೆಟ್ಟಿಲು ಹತ್ತಿದರು. ಮೂರು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆ ಸಿಕ್ಕಿತು. ಸ್ಕ್ರೈಬ್ ಆಗಲು ಒಪ್ಪುವ ಬಿ.ಎ., ಬಿ.ಎಸ್ಸಿ. ಹುಡುಗ ಹುಡುಗಿಯರ ಫೋನ್ ನಂಬರು ಅವರ ಒಂದು ನೋಟ್‌ಬುಕ್ಕಿನಲ್ಲಿದೆ. ಬರೀ ನಂಬರಲ್ಲ, ಯಾರು ನಿಧಾನ, ಯಾರಿಗೆ ‘ಷಟ್ಪದಿ’ ಬರೆಯಲು ಬರುತ್ತದೆ, ಯಾರು ‘ಶಟ್ಪದಿ’ ಬರೆಯುತ್ತಾರೆ, ಎಲ್ಲ ಗುರುತು ಹಾಕಿದ್ದಾರೆ.

ಇನ್ನು ಅಣ್ಣ. ಅಟೆಂಡರ್. ಪಿಯುಸಿವರೆಗೆ ಓದಿದವರು, ತೀರ್ಥಹಳ್ಳಿ ಕಡೆಯವರು. ಬಾಗಿಲಲ್ಲಿ ನನ್ನ ಕೋಲಿನ ಸದ್ದು ಕೇಳಿದರೆ ‘ಬಾ ಮಾರಾಯ್ತಿ, ಇವತ್ತು ನೆಲ ಒರೆಸಿದ್ದಾರೆ, ಜಾರ್ತದೆ’ ಎನ್ನುತ್ತಾರೆ. ಅವರ ಕೆಲಸ ಪುಸ್ತಕ ತಂದುಕೊಡುವುದು. ಹೋದ ಸೆಮಿಸ್ಟರಿನಲ್ಲಿ ಲಕ್ಷ್ಮೀಶನ ಜೈಮಿನಿ ಭಾರತ ಕಂಪ್ಯೂಟರಿನಿಂದ ಕೇಳುತ್ತಿದ್ದೆ. ಪದ್ಯವನ್ನೂ ಅದು ಬಸ್‌ಸ್ಟ್ಯಾಂಡಿನ ಪ್ರಕಟಣೆಯ ಹಾಗೆ ಓದುತ್ತದೆ, ಸಾಲು ಮುಗಿಯಿತೋ ಇಲ್ಲವೋ ತಿಳಿಯುವುದಿಲ್ಲ. ಕಪಾಟಿನ ಹತ್ತಿರ ನಿಂತಿದ್ದ ಅಣ್ಣನಿಗೆ ತಡೆಯಲಾಗಲಿಲ್ಲ. ‘ಹಾಗಲ್ಲ ಅದು’ ಎಂದು ಪುಸ್ತಕ ತೆರೆದು ತಾವೇ ಹೇಳತೊಡಗಿದರು. ಮಳೆಗಾಲದ ರಾತ್ರಿ ಅವರ ಅಜ್ಜ ಮನೆಯಲ್ಲಿ ಜೈಮಿನಿ ಓದುತ್ತಿದ್ದರಂತೆ.

ಜೈಮಿನಿ ವಾರ್ಧಕ ಷಟ್ಪದಿಯಲ್ಲಿದೆ, ಐದೈದು ಮಾತ್ರೆಯ ಗಣಗಳು. ತರಗತಿಯಲ್ಲಿ ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಬೆರಳೆಣಿಸಿದ್ದೆ. ಅಣ್ಣ ಹೇಳುವಾಗ ಎಣಿಸಬೇಕಾಗಲಿಲ್ಲ. ಐದಕ್ಕೊಮ್ಮೆ ದನಿ ತಾನೇ ಹೆಜ್ಜೆ ಊರುತ್ತಿತ್ತು. ಮೂರನೇ ಮತ್ತು ಆರನೇ ಸಾಲು ಉಳಿದವಕ್ಕಿಂತ ಉದ್ದ ಎನ್ನುವುದು ಅವರು ಉಸಿರು ಹಿಡಿದದ್ದರಲ್ಲೇ ಗೊತ್ತಾಯಿತು. ಛಂದಸ್ಸಿನ ಪತ್ರಿಕೆಯಲ್ಲಿ ನನಗೆ ಬಂದ ಅಂಕದಲ್ಲಿ ಅವರಿಗೂ ಪಾಲಿದೆ. ಆದರೆ ಅರ್ಥ ಕೇಳಿದರೆ ಕೆಲವು ಕಡೆ ‘ಅದು ಮೇಷ್ಟ್ರ ಹತ್ರ ಕೇಳು’ ಎಂದು ಜಾರಿಕೊಳ್ಳುತ್ತಾರೆ, ಅದನ್ನೂ ಹೇಳಬೇಕು. ಫೋನ್ ಬಂದರೆ ಪದ್ಯದ ಮಧ್ಯದಲ್ಲೇ ಎದ್ದು ಹೋಗುತ್ತಾರೆ.

ಕೊರತೆಗಳು ಇನ್ನೂ ಇವೆ. ಕರೆಂಟ್ ಹೋದರೆ ಯುಪಿಎಸ್ ಹತ್ತು ನಿಮಿಷವೂ ತಡೆಯುವುದಿಲ್ಲ. ಹೆಡ್‌ಫೋನ್ ನಿಮ್ಮದೇ ತನ್ನಿ, ಅಲ್ಲಿಯದರಲ್ಲಿ ಒಂದೇ ಕಿವಿ ಕೇಳಿಸುತ್ತದೆ. ಶನಿವಾರ ಮಧ್ಯಾಹ್ನಕ್ಕೇ ಬೀಗ. ಮೇಡಂ ರಜೆ ಹಾಕಿದರೆ ಸ್ಕ್ಯಾನಿಂಗ್ ನಿಂತಹಾಗೆ, ಬೇರೆ ಯಾರಿಗೂ ಕಲಿಸಿಲ್ಲ. ಇಬ್ಬರ ಗುತ್ತಿಗೆಯೂ ಹನ್ನೊಂದು ತಿಂಗಳಿಗೊಮ್ಮೆ ಮುಗಿಯುತ್ತದೆ. ಮುಗಿದ ತಿಂಗಳು ಕೋಣೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ.

ಹೊಸದಾಗಿ ಸೇರಿದವರು ಗ್ರಂಥಾಲಯದ ಮುಖ್ಯ ಬಾಗಿಲಿಂದ ಬಲಕ್ಕೆ ತಿರುಗಿ, ನೀರಿನ ಫಿಲ್ಟರಿನ ಗುಂಯ್ ಸದ್ದು ದಾಟಿದರೆ ಎರಡನೇ ಬಾಗಿಲು. ಹತ್ತೂವರೆಗೆ ತೆರೆಯುತ್ತದೆ. ಪುಸ್ತಕ ಬೇಕಿದ್ದರೆ ಸೋಮವಾರವೇ ಮೇಡಂಗೆ ಹೇಳಿಡಿ. ಜೈಮಿನಿಯಲ್ಲಿ ಈಗ ಸುಧನ್ವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕುವಲ್ಲಿಗೆ ನಿಂತಿದೆ, ಅಷ್ಟರಲ್ಲಿ ಅಣ್ಣನಿಗೆ ಆಫೀಸಿನಿಂದ ಕರೆ ಬಂತು. ಬುಧವಾರ ಮೂರೂವರೆಗೆ ಮುಂದಿನದು. ಎರಡು ಕುರ್ಚಿ ಖಾಲಿ ಇವೆ.