ಕೆರೆಯಲ್ಲಿ ಗೆದ್ದ ಹುಟ್ಟು ಕಡಲಲ್ಲಿ ಕೈಕೊಟ್ಟಿತು

ತುಮಕೂರಿನಂತಹ ಕಡಲಿಲ್ಲದ ಊರಿನಲ್ಲಿದ್ದುಕೊಂಡು, ಅಲೆಗಳ ಮೇಲೆ ಸ್ಟ್ಯಾಂಡ್‌ಅಪ್ ಪ್ಯಾಡಲ್‌ಬೋರ್ಡ್ (ನಿಂತುಕೊಂಡು ಹುಟ್ಟು ಹಾಕುತ್ತ ಸಾಗಿಸುವ ಹಲಗೆ) ನಡೆಸುವ ಆಸೆಯಿಂದ ಹುಟ್ಟು ಕೊಳ್ಳಲು ಹೊರಟವರು ನನ್ನಂತೆ ಮೋಸಹೋಗಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನಾನು ಈ ಆಟ ಕಲಿತದ್ದು ನಮ್ಮೂರ ಸಮೀಪದ ಕೆರೆಯಲ್ಲಿ. ಬೆಂಗಳೂರಿನ ಅಂಗಡಿಯೊಂದರಿಂದ ತರಿಸಿದ್ದ, ಮೂರು ತುಂಡಾಗಿ ಬಿಚ್ಚಿ ಚೀಲದಲ್ಲಿಡಬಹುದಾದ ಅಲ್ಯೂಮಿನಿಯಂ ಹುಟ್ಟು ಅಲ್ಲಿ ಆರು ತಿಂಗಳು ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಸಮುದ್ರಕ್ಕೂ ಇದೇ ಸಾಕೇ ಎಂದು ಕೇಳಿದ್ದಕ್ಕೆ ಅಂಗಡಿಯವರು, "ನೀರು ಯಾವುದಾದರೇನು ಸಾರ್" ಎಂದಿದ್ದರು.

ಕಳೆದ ಮೇ ತಿಂಗಳಲ್ಲಿ ಕುಣಿಗಲ್, ಹಾಸನ, ಶಿರಾಡಿ ಘಾಟಿಯ ದಾರಿಯಾಗಿ ಮೂಲ್ಕಿ ಬಳಿಯ ಸಸಿಹಿತ್ಲುವಿಗೆ ಹೋದೆವು. ನಂದಿನಿ ಮತ್ತು ಶಾಂಭವಿ ನದಿಗಳು ಕಡಲು ಸೇರುವ ಆ ತೀರದಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದಿತ್ತು. ಅಲ್ಲಿನ ಅಲೆ ಎಂಥದ್ದೆಂದು ನಾನು ಅಷ್ಟರಿಂದಲೇ ಊಹಿಸಬೇಕಿತ್ತು.

ನನ್ನ ಎತ್ತರ 5 ಅಡಿ 6 ಅಂಗುಲ. ಕೆರೆಯಲ್ಲಿ ನೆಟ್ಟಗೆ ನಿಂತು ಉದ್ದುದ್ದಕ್ಕೆ ಹುಟ್ಟು ಹಾಕುವುದರಿಂದ ಅದು ನಮ್ಮ ಎತ್ತರಕ್ಕಿಂತ 8ರಿಂದ 10 ಅಂಗುಲ ಹೆಚ್ಚಿದ್ದರೆ ಅನುಕೂಲ. ಅಲೆಯ ಮೇಲಾದರೋ ಮಂಡಿ ಬಗ್ಗಿಸಿ ತಗ್ಗಿ ನಿಲ್ಲಬೇಕಾಗುತ್ತದೆ. ಆಗ ಅದೇ ಉದ್ದದ ಹುಟ್ಟು ಹಿಡಿದರೆ ಮೇಲಿನ ಕೈ ತಲೆಯನ್ನೂ ದಾಟಿ ಎತ್ತರಕ್ಕೆ ಹೋಗಿ, ಎಳೆತದ ಭಾರವೆಲ್ಲ ಭುಜದ ಮೇಲೆ ಬೀಳುತ್ತದೆ. ಆದ್ದರಿಂದ ಅಲೆಗೆ 2ರಿಂದ 4 ಅಂಗುಲ ಹೆಚ್ಚಿದ್ದರೆ ಸಾಕು. ತೀರದಲ್ಲಿದ್ದ ಹುಡುಗನೊಬ್ಬ ಇದನ್ನು ವಿವರಿಸಿದ ಮೇಲೆ, ಮರಳಿನ ಮೇಲೆಯೇ ಕುಳಿತು ಹುಟ್ಟನ್ನು ಬಿಚ್ಚಿ ಗಿಡ್ಡ ಮಾಡಿದೆ. ಕೊಳವೆಯೊಳಗೆ ಮರಳು ಸೇರಿ ಕರಕರ ಎನ್ನುತ್ತಿತ್ತು. ಕೀಲಿನ ಗುಂಡಿ ತೂತಿನೊಳಗೆ ಅರ್ಧ ಮಾತ್ರ ಇಣುಕಿತು. ಕೆರೆಯ ದಡದಲ್ಲಿ ಪ್ರತಿ ಸಲ ಕೇಳುತ್ತಿದ್ದ 'ಟಕ್' ಎಂಬ ಸದ್ದು ಬರಲೇ ಇಲ್ಲ. ಕ್ಲ್ಯಾಂಪ್ ಬಿಗಿಯಾಗಿದೆಯಲ್ಲ ಎಂದು ಸಮಾಧಾನಪಟ್ಟುಕೊಂಡು ನೀರಿಗಿಳಿದೆ.

ಮೂರನೆಯ ಅಲೆಯ ನೊರೆ ಬೋರ್ಡಿಗೆ ಅಪ್ಪಳಿಸಿದಾಗ, ಬೀಳದಿರಲೆಂದು ಹುಟ್ಟಿನ ಎಲೆಯನ್ನು (ತುದಿಯ ಅಗಲವಾದ ಭಾಗವನ್ನು) ನೀರಿಗೊತ್ತಿ ಅದರ ಮೇಲೆ ಪೂರ್ತಿ ಭಾರ ಬಿಟ್ಟೆ. ಕೋಲು ಕೀಲಿನಲ್ಲಿ ತಿರುಗಿತು, ಆಸರೆಯಾಗಬೇಕಿದ್ದ ಎಲೆ ಚಾಕುವಿನಂತೆ ನೀರನ್ನು ಸೀಳಿಕೊಂಡು ಒಳಹೋಯಿತು, ಅದರ ಹಿಂದೆಯೇ ನಾನು. ಮೇಲೆ ಬಂದಾಗ ಕೈಯಲ್ಲಿದ್ದದ್ದು ಹಿಡಿಕೆಯ ತುಂಡು ಮಾತ್ರ. ಉಳಿದದ್ದು ನೀರು ತುಂಬಿಕೊಂಡು ಮುಳುಗಿತ್ತು. ಬೋರ್ಡಿನ ಲೀಶ್ (ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ) ಕಾಲಿಗಿದ್ದುದರಿಂದ ಬೋರ್ಡಿನ ಮೇಲೆ ಬೋರಲು ಮಲಗಿ, ಬರಿಗೈಯಲ್ಲಿ ನೀರು ತಳ್ಳುತ್ತ ದಡ ಸೇರಿದೆ. ಭುಜದ ನೋವು ಮೂರು ವಾರ ಇತ್ತು. ಉಪ್ಪುನೀರಿನಲ್ಲಿ ಬಳಸಿದ್ದಕ್ಕೆ ವಾರಂಟಿ ಅನ್ವಯಿಸುವುದಿಲ್ಲವೆಂದು ಅಂಗಡಿಯವರು ಹೇಳಿದರು. ನೀರು ಯಾವುದಾದರೇನು ಎಂದಿದ್ದವರೂ ಅವರೇ!

ಅಲೆಗಿಳಿಯುವವರು ದಯವಿಟ್ಟು ಕೀಲಿಲ್ಲದ ಒಂದೇ ತುಂಡಿನ ಹುಟ್ಟನ್ನೇ ಕೊಳ್ಳಿ. ಬಸ್ಸಿನಲ್ಲಿ ಸಾಗಿಸುವುದು ಕಷ್ಟವೆಂಬುದು ನಿಜ, ನನ್ನದು ಈಗ ಗೆಳೆಯನ ಕಾರಿನಲ್ಲಿ ಓರೆಯಾಗಿ ಪ್ರಯಾಣಿಸುತ್ತದೆ. ಎಲೆ ದೊಡ್ಡದಾದಷ್ಟೂ ವೇಗ ಹೆಚ್ಚು ಎಂಬ ಅಂಗಡಿಯ ಮಾತನ್ನೂ ನಂಬಬೇಡಿ. ಅಲೆ ಹಿಡಿಯಲು ಚಿಕ್ಕಚಿಕ್ಕದಾಗಿ, ಬೇಗಬೇಗನೆ ಹುಟ್ಟು ಹಾಕಬೇಕಾಗುವುದರಿಂದ ಸಾಧಾರಣ ಮೈಕಟ್ಟಿನವರಿಗೆ 80ರಿಂದ 90 ಚದರ ಅಂಗುಲದ ಎಲೆ ಸಾಕು. ಕಾರ್ಬನ್‌ನದು ಹಗುರ, ಆದರೆ ದುಬಾರಿ; ಫೈಬರ್‌ಗ್ಲಾಸ್‌ನದೂ ನಡೆಯುತ್ತದೆ. ಇಂತಹ ಹುಟ್ಟನ್ನು ಸಾಮಾನ್ಯವಾಗಿ ಉದ್ದವಾಗಿಯೇ ಮಾರುತ್ತಾರೆ, ನಮ್ಮ ಅಳತೆಗೆ ಕೋಲನ್ನು ಕತ್ತರಿಸಿ ಹಿಡಿಕೆ ಕೂರಿಸಬೇಕು. ಅಂಗಡಿಯಲ್ಲೇ ಕತ್ತರಿಸಿ ಕೊಡುತ್ತೇವೆಂದರೆ ಒಪ್ಪದೆ, ಮೊದಲು ತುಸು ಉದ್ದವಾಗಿಯೇ ಬಿಟ್ಟು, ಕಾಯಿಸಿದರೆ ಬಿಡುವ ಅಂಟಿನಿಂದ ಹಿಡಿಕೆಯನ್ನು ಕೂರಿಸಿ, ನಾಲ್ಕಾರು ದಿನ ಅಲೆಯಲ್ಲಿ ಬಳಸಿ ನೋಡಿದ ನಂತರವೇ ಅರ್ಧರ್ಧ ಅಂಗುಲ ತೆಗೆಸುತ್ತ ಬನ್ನಿ.